ಛತ್ರದವನ ಕೈಗೆ ಕೊಟ್ಟ ಎರಡು ನಾಣ್ಯ

(ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬದ ಪ್ರಬೋಧನೆ – ಜುಲೈ 26)



ಇಂದು ನಾವು ಮಾತೆ ಮರಿಯಮ್ಮನವರ ತಂದೆತಾಯಿಗಳಾದ ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬವನ್ನು ಸಂಭ್ರಮದಿಂದ ಆಚರಿಸುತ್ತಿದ್ದೇವೆ. ಇವರ ಹೆಸರುಗಳು ಶುಭಸಂದೇಶದಲ್ಲಿ ಬರುವುದಿಲ್ಲ. ಧರ್ಮಸಭೆಯ ಪುರಾತನ ಪರಂಪರೆ ಇವರನ್ನು ನಮಗೆ ಪರಿಚಯಿಸಿದೆ. ನಮ್ಮ ಪ್ರಭು ಯೇಸುವಿಗೂ ಅಜ್ಜ ಅಜ್ಜಿ ಇದ್ದರು ಎಂಬುದನ್ನು ಈ ಹಬ್ಬ ನೆನಪಿಸುತ್ತದೆ. ಪೋಪ್ ಫ್ರಾನ್ಸಿಸ್‌ರವರು 2021ರಲ್ಲಿ, ಈ ಹಬ್ಬಕ್ಕೆ ಹತ್ತಿರವಾಗಿ ಬರುವ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ-ಅಜ್ಜಿಯರ ಹಾಗೂ ವೃದ್ಧರ ದಿನವೆಂದು ಸಾರಿದರು.

ಈ ದಿನಗಳಲ್ಲಿ ನಮ್ಮ ಧರ್ಮಕೇಂದ್ರಗಳಲ್ಲಿ ಹಿರಿಯರಿಗೆ ಶಾಲು ಹೊದಿಸಿ ಗೌರವಿಸುತ್ತೇವೆ. ಯುವಜನರು ಹತ್ತಿರದ ವೃದ್ಧಾಶ್ರಮಕ್ಕೆ ಹೋಗಿ, ಹಣ್ಣು ಬಿಸ್ಕತ್ತು ಹಂಚಿ, ಹಾಡು ಹೇಳಿ, ಊಟ ಬಡಿಸಿ ಬರುತ್ತಾರೆ. ಇದೆಲ್ಲ ಒಳ್ಳೆಯದೇ. ಆದರೆ ನಾವು ಹೊರಟು ಬಂದ ಮೇಲೆ, ಅದೇ ರಾತ್ರಿ ಎರಡು ಗಂಟೆಗೆ ಅಲ್ಲಿನ ಒಬ್ಬ ಅಜ್ಜಿ ಬಚ್ಚಲಿಗೆ ಹೋಗಬೇಕೆಂದು ಕೂಗಿದರೆ, ಕೈಹಿಡಿದು ಕರೆದೊಯ್ಯಲು ಯಾರಿದ್ದಾರೆ? ಎಷ್ಟು ಮಂದಿ ಇದ್ದಾರೆ? ಅವರಿಗೆ ಸಂಬಳ ಕೊಡುವವರು ಯಾರು? ಇಂದು ನಾವು ಧ್ಯಾನಿಸಬೇಕಾದ ವಿಷಯ ಇದು.

ಛತ್ರದವನೂ ಕಥೆಯಲ್ಲಿದ್ದಾನೆ

ದಯಾಳು ಸಮಾರಿಯದವನ ಸಾಮತಿ (ಲೂಕ 10:25-37) ನಮಗೆಲ್ಲರಿಗೂ ಬಾಯಿಪಾಠ. ಗಾಯಗೊಂಡವನ ಗಾಯಕ್ಕೆ ಆತ ಎಣ್ಣೆ ಮತ್ತು ದ್ರಾಕ್ಷಾರಸ ಹಾಕಿ ಕಟ್ಟಿದ, ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ಕರೆದೊಯ್ದ ಎಂಬಲ್ಲಿಗೆ ನಾವು ಕಥೆಯನ್ನು ಮುಗಿಸಿಬಿಡುತ್ತೇವೆ. ಯೇಸುಸ್ವಾಮಿ ಅಲ್ಲಿಗೆ ಮುಗಿಸಲಿಲ್ಲ. ಮಾರನೆಯ ದಿನ ಆತ ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು ಆರೈಕೆಯ ಹೊಣೆ ಒಪ್ಪಿಸುತ್ತಾನೆ. ಹೆಚ್ಚು ಖರ್ಚಾದರೆ ತಾನು ಹಿಂದಿರುಗಿ ಬರುವಾಗ ತೀರಿಸುವುದಾಗಿ ಮಾತು ಕೊಡುತ್ತಾನೆ.

ಅಂದಿನ ಕಾಲಕ್ಕೆ ಒಂದು ನಾಣ್ಯವೆಂದರೆ ಕೂಲಿಯಾಳಿನ ಒಂದು ದಿನದ ದುಡಿಮೆ. ದ್ರಾಕ್ಷಾತೋಟದ ಕೂಲಿಯವರ ಸಾಮತಿಯಿಂದ (ಮತ್ತಾಯ 20) ಇದು ನಮಗೆ ತಿಳಿಯುತ್ತದೆ. ಎಂದರೆ ಸಮಾರಿಯದವನು ಎರಡು ದಿನದ ಪೂರ್ತಿ ಕೂಲಿ ಕೊಟ್ಟ. "ಇದು ಪುಣ್ಯದ ಕೆಲಸ, ಬಿಟ್ಟಿ ಮಾಡಿಕೊಡು" ಎಂದು ಛತ್ರದವನಿಗೆ ಅವನು ಹೇಳಲಿಲ್ಲ. ತಾನಿಲ್ಲದ ಹೊತ್ತಿನಲ್ಲಿ ನೋಡಿಕೊಳ್ಳಲು ಒಬ್ಬರನ್ನು ಗೊತ್ತುಮಾಡಿದ, ಅವರಿಗೆ ಹಣ ಕೊಟ್ಟ, ಮತ್ತೆ ಬಂದು ವಿಚಾರಿಸುತ್ತೇನೆ ಎಂದ. ಈ ಮೂರೂ ಸೇರಿದಾಗಲೇ ಅವನ ಕರುಣೆ ಪೂರ್ಣವಾಯಿತು.

ಕೈಗಳ ಲೆಕ್ಕ

ಪ್ರಿಯರೇ, ಪ್ರೀತಿಗೆ ಲೆಕ್ಕವಿಲ್ಲ ಎನ್ನುತ್ತೇವೆ. ಆದರೆ ಆರೈಕೆಗೆ ಲೆಕ್ಕವಿದೆ. ಒಂದು ವೃದ್ಧಾಶ್ರಮದಲ್ಲಿ 25 ಮಂದಿ ಹಿರಿಯರಿದ್ದಾರೆ, ಅವರಲ್ಲಿ 8 ಮಂದಿ ಹಾಸಿಗೆ ಹಿಡಿದವರು ಎಂದಿಟ್ಟುಕೊಳ್ಳೋಣ. ತಾನಾಗಿ ಹೊರಳಲಾರದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವುದು ಶುಶ್ರೂಷೆಯಲ್ಲಿ ಬಹುಕಾಲದಿಂದ ಬಂದ ರೂಢಿ. ಇಲ್ಲದಿದ್ದರೆ ಬೆನ್ನಿನ ಕೆಳಭಾಗ, ಸೊಂಟ, ಹಿಮ್ಮಡಿಗಳಲ್ಲಿ ಚರ್ಮ ಕೆಂಪಾಗಿ, ಕೆಲವೇ ದಿನಗಳಲ್ಲಿ ಹುಣ್ಣಾಗುತ್ತದೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಒಬ್ಬೊಬ್ಬರನ್ನು ನಾಲ್ಕು ಬಾರಿ ಹೊರಳಿಸಬೇಕು. ಎಂಟು ಮಂದಿಗೆ 32 ಬಾರಿ. ಒಂದು ಬಾರಿಗೆ ಹತ್ತು ನಿಮಿಷವೆಂದರೂ 320 ನಿಮಿಷ, ಅಂದರೆ ಐದು ಗಂಟೆ ಇಪ್ಪತ್ತು ನಿಮಿಷ. ಉಳಿದ ಎರಡು ಗಂಟೆ ನಲವತ್ತು ನಿಮಿಷಗಳಲ್ಲಿ ಒದ್ದೆ ಬಟ್ಟೆ ಬದಲಿಸಬೇಕು, ನೀರು ಕುಡಿಸಬೇಕು, ನಡೆಯಬಲ್ಲವರನ್ನು ಬಚ್ಚಲಿಗೆ ಕರೆದೊಯ್ಯಬೇಕು, ಮನೆಗೆ ಹೋಗುತ್ತೇನೆಂದು ಎದ್ದು ಬಾಗಿಲು ತಟ್ಟುವ ಅಜ್ಜನನ್ನು ಸಮಾಧಾನಪಡಿಸಬೇಕು.

ಇಷ್ಟಕ್ಕೂ ರಾತ್ರಿ ಪಾಳಿಯಲ್ಲಿ ಒಬ್ಬಳೇ ಆಯಾ ಇದ್ದರೆ? ಆಕೆಗೆ ಎಷ್ಟೇ ಪ್ರೀತಿಯಿದ್ದರೂ ಇರುವುದು ಎರಡೇ ಕೈ. ಆಗ ಅಡ್ಡದಾರಿಗಳು ಹುಟ್ಟಿಕೊಳ್ಳುತ್ತವೆ. ನಡೆಯಬಲ್ಲವರಿಗೂ ಡಯಾಪರ್ ಕಟ್ಟುತ್ತಾರೆ. ರಾತ್ರಿ ಏಳಬಾರದೆಂದು ಸಂಜೆಯಿಂದಲೇ ನೀರು ಕಡಿಮೆ ಮಾಡುತ್ತಾರೆ. ಅವಸರದಲ್ಲಿ ಗಂಜಿ ತುರುಕುವುದರಿಂದ ಹಿರಿಯರಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಇದನ್ನು ನೋಡಿ ನಾವು ಆಯಾಗಳನ್ನು ಬೈಯುತ್ತೇವೆ. ಕ್ರೌರ್ಯ ಎಲ್ಲಿದ್ದರೂ ತಪ್ಪೇ. ಆದರೆ ಅನೇಕ ಕಡೆ ಕ್ರೌರ್ಯವೆಂದು ಕಾಣುವುದರ ಹಿಂದೆ ಇರುವುದು ಜನರ ಕೊರತೆ.

ಇನ್ನೊಂದು ಲೆಕ್ಕವನ್ನೂ ನೋಡೋಣ. ವಾರಕ್ಕೆ 168 ಗಂಟೆಗಳು. ಒಬ್ಬರು ವಾರಕ್ಕೆ 48 ಗಂಟೆ ದುಡಿದರೆ, ಹಗಲಿರುಳೂ ಒಬ್ಬರು ಹಾಜರಿರಲು ಮೂರೂವರೆ ಮಂದಿ ಬೇಕು. ರಜೆ, ಜ್ವರ, ಮನೆಯ ಕಷ್ಟಗಳನ್ನು ಸೇರಿಸಿದರೆ ನಾಲ್ವರಿಗಿಂತ ಕಡಿಮೆ ಸಾಲದು. "ನಮ್ಮಲ್ಲಿ ನಾಲ್ಕು ಜನ ಆಯಾಗಳಿದ್ದಾರೆ" ಎಂದು ಹೇಳುವ ಆಶ್ರಮದಲ್ಲಿ ಸರಾಸರಿ ಒಂದು ಹೊತ್ತಿಗೆ ಇರುವುದು ಒಬ್ಬರೇ!

2007ರಲ್ಲಿ ನಮ್ಮ ದೇಶದಲ್ಲಿ ತಂದೆತಾಯಿಯರ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ ಬಂದಿತು. ಜಿಲ್ಲೆಗೊಂದಾದರೂ, ಕನಿಷ್ಠ 150 ಬಡ ವೃದ್ಧರಿಗೆ ಸಾಲುವ ವೃದ್ಧಾಶ್ರಮವನ್ನು ಹಂತಹಂತವಾಗಿ ಸ್ಥಾಪಿಸುವ ಮಾತು ಅದರಲ್ಲಿದೆ. ಇದು ಸ್ವಾಗತಾರ್ಹವೇ. ಆದರೆ ಹಾಸಿಗೆಗಳ ಸಂಖ್ಯೆಯನ್ನು ಎಣಿಸಿದರೆ ಸಾಲದು. ಹಾಸಿಗೆಯ ಪಕ್ಕದಲ್ಲಿ ನಿಂತಿರುವ ಕೈಗಳನ್ನೂ ಎಣಿಸಬೇಕು.

ಸಂತ ಯಕೋಬರು ತಮ್ಮ ಪತ್ರದಲ್ಲಿ (5:4) ಹೊಲ ಕೊಯ್ದವರಿಗೆ ಕೊಡದೆ ಉಳಿಸಿಕೊಂಡ ಕೂಲಿಯೇ ದೇವರಿಗೆ ಮೊರೆಯಿಡುತ್ತದೆ ಎಂದು ಎಚ್ಚರಿಸುತ್ತಾರೆ. ವೃದ್ಧರ ಮಲಮೂತ್ರ ತೊಳೆಯುವ ಕೈಗಳ ಕೂಲಿಗೂ ಈ ಮಾತು ಅನ್ವಯಿಸುತ್ತದೆ. ಸಂಬಳ ಸಾಲದೆ ಮೂರು ತಿಂಗಳಿಗೊಬ್ಬ ಆಯಾ ಬಿಟ್ಟುಹೋದರೆ ನಷ್ಟ ಯಾರಿಗೆ? ಯಾವ ಅಜ್ಜ ಯಾವ ಮಗ್ಗುಲಿಗೆ ನೋವೆನ್ನುತ್ತಾರೆ, ಯಾವ ಅಜ್ಜಿಗೆ ಜಪಸರ ಕೈಯಲ್ಲಿದ್ದರಷ್ಟೇ ನಿದ್ದೆ ಎಂಬುದು ಹೊಸಬರಿಗೆ ಗೊತ್ತಿರುವುದಿಲ್ಲ. ತಂದೆಯ ಬುದ್ಧಿ ಮಂಕಾದರೂ ತಾಳ್ಮೆಯಿಂದಿರು ಎಂದು ಸಿರಾಖನು (3:12-13) ಬೋಧಿಸುತ್ತಾನೆ. ಮರೆವಿನ ಕಾಯಿಲೆಯವರು ಹೆಸರು ಮರೆತರೂ ಪರಿಚಿತ ದನಿಯೊಂದನ್ನು ಕೇಳಿ ಸಮಾಧಾನವಾಗುವುದುಂಟು. ಆ ದನಿ ಉಳಿಯಬೇಕಾದರೆ ಆ ಕೆಲಸದವರು ಉಳಿಯಬೇಕು.

ಭಿಕ್ಷೆಯ ಬುಟ್ಟಿ ಹಿಡಿದ ಸಂತಳು

ಫ್ರಾನ್ಸ್ ದೇಶದ ಸಂತ ಜೀನ್ ಜುಗಾನ್ ಇದನ್ನು ಚೆನ್ನಾಗಿ ಅರಿತಿದ್ದರು. 1839ರ ಚಳಿಗಾಲದಲ್ಲಿ, ತಮ್ಮ 47ನೆಯ ವಯಸ್ಸಿನಲ್ಲಿ, ಕಣ್ಣು ಕಾಣದ ಒಬ್ಬ ಬಡ ವಿಧವೆಯನ್ನು ಮನೆಗೆ ಕರೆತಂದು ತಮ್ಮ ಹಾಸಿಗೆಯನ್ನೇ ಬಿಟ್ಟುಕೊಟ್ಟರು. ವೃದ್ಧೆಯರ ಸಂಖ್ಯೆ ಹೆಚ್ಚಿದಂತೆ ಜೊತೆಗಾರ್ತಿಯರನ್ನು ಕೂಡಿಸಿಕೊಂಡರು. ಅಲ್ಲಿಯವರೆಗೆ ಆ ವೃದ್ಧೆಯರು ಬೀದಿಯಲ್ಲಿ ಭಿಕ್ಷೆ ಬೇಡುತ್ತಿದ್ದರು. ಜೀನ್ ಅವರ ಬದಲಿಗೆ ತಾವೇ ಬುಟ್ಟಿ ಹಿಡಿದು ಮನೆಮನೆಗೆ ಹೋದರು. 1879ರಲ್ಲಿ ಅವರು ತೀರಿಕೊಂಡಾಗ ಅವರ ಸಭೆಯಲ್ಲಿ ಸುಮಾರು 2,400 ಭಗಿನಿಯರಿದ್ದರು. ಒಂದು ಹಾಸಿಗೆಯಿಂದ ಆರಂಭವಾದ ಸೇವೆಗೆ ಅಷ್ಟು ಕೈಗಳು ಸೇರಿದವು! ಇವರನ್ನು 2009ರಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಸಂತಪದವಿಗೇರಿಸಿದರು. ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ವೃದ್ಧಾಶ್ರಮ ಇದೇ 'ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್' ಸಭೆಯದು.

ಇಂದು ಪ್ರತಿಯೊಂದು ಆಶ್ರಮಕ್ಕೂ ಸಾಕಷ್ಟು ಕನ್ಯಾಸ್ತ್ರೀಯರು ಸಿಗುತ್ತಿಲ್ಲ. ಸಂಬಳಕ್ಕೆ ದುಡಿಯುವ ನರ್ಸು, ಆಯಾ, ಅಡುಗೆಯವರ ಮೇಲೆಯೇ ಸೇವೆ ನಿಂತಿದೆ. ಆದ್ದರಿಂದ ಬುಟ್ಟಿ ಹಿಡಿಯುವ ಸರದಿ ಈಗ ನಮ್ಮದು.

ನಾವೇನು ಮಾಡಬಹುದು?

ಒಂದು: ನಮ್ಮ ಕಾಣಿಕೆಯ ರೂಪವನ್ನು ಬದಲಿಸೋಣ. ಹಬ್ಬಕ್ಕೊಮ್ಮೆ ಸಿಹಿಯೂಟದ ಜೊತೆಗೆ, ಧರ್ಮಕೇಂದ್ರದ ಹತ್ತಿಪ್ಪತ್ತು ಕುಟುಂಬಗಳು ಸೇರಿ ರಾತ್ರಿ ಪಾಳಿಯ ಒಬ್ಬ ಆಯಾಳ ವರ್ಷದ ಸಂಬಳವನ್ನು ವಹಿಸಿಕೊಳ್ಳಬಹುದು.

ಎರಡು: ಭೇಟಿಗೆ ಹೋದಾಗ ವಿನಯದಿಂದ ಕೇಳೋಣ. ರಾತ್ರಿ ಎಷ್ಟು ಮಂದಿ ಇರುತ್ತಾರೆ? ಅವರಿಗೆ ವಾರದ ರಜೆ ಇದೆಯೇ? ಎತ್ತಿ ಕೂರಿಸುವ, ಊಟ ಮಾಡಿಸುವ ತರಬೇತಿ ಸಿಕ್ಕಿದೆಯೇ? ಯಾರಿಗಾದರೂ ಹಾಸಿಗೆ ಹುಣ್ಣು ಆಗಿದೆಯೇ? ಒಳ್ಳೆಯ ಆಶ್ರಮ ಈ ಪ್ರಶ್ನೆಗಳಿಂದ ಬೇಸರಪಡುವುದಿಲ್ಲ.

ಮೂರು: ಆಯಾಗಳ ಹೆಸರು ತಿಳಿದುಕೊಳ್ಳೋಣ. ಹಿರಿಯರಿಗೆ ಶಾಲು ಹೊದಿಸುವ ವೇದಿಕೆಗೆ ಅವರನ್ನೂ ಕರೆಯೋಣ.

ನಾಲ್ಕು: ಎಲ್ಲಿಯಾದರೂ ಹಿರಿಯರನ್ನು ಹಿಂಸಿಸುವುದು, ಕಟ್ಟಿಹಾಕುವುದು ಕಂಡರೆ ಮೌನವಾಗಿರಬಾರದು. ಹಿರಿಯ ನಾಗರಿಕರಿಗಾಗಿ 14567 ಎಂಬ ಉಚಿತ ಸಹಾಯವಾಣಿ ಇದೆ.

ತಂದೆತಾಯಿಯರನ್ನು ಆಶ್ರಮದಲ್ಲಿ ಬಿಟ್ಟು ದೂರದ ಊರಿನಲ್ಲೋ ಗಲ್ಫ್‌ನಲ್ಲೋ ದುಡಿಯುತ್ತಿರುವ ಮಕ್ಕಳು ಈ ಹಬ್ಬದಂದು ಒಳಗೊಳಗೇ ನೋಯುತ್ತಾರೆ. ಅವರಿಗೆ ಒಂದು ಮಾತು. ಸಮಾರಿಯದವನೂ ಮಾರನೆಯ ದಿನ ತನ್ನ ಪ್ರಯಾಣ ಮುಂದುವರಿಸಿದ. ಪ್ರಭು ಅದಕ್ಕಾಗಿ ಅವನನ್ನು ತಪ್ಪುಗಾರನೆನ್ನಲಿಲ್ಲ. ಆದರೆ ಅವನು ಹಿಂದಿರುಗಿ ಬರುವೆನೆಂದು ಹೇಳಿ ಹೋದ. ಹಣ ಕಳುಹಿಸಿದರೆ ಅರ್ಧ ಕರ್ತವ್ಯ ಮುಗಿಯಿತು. ಫೋನು ಮಾಡುವುದು, ರಜೆಗೆ ಬಂದಾಗ ಹಾಸಿಗೆಯ ಪಕ್ಕದಲ್ಲಿ ಕುಳಿತು ಕೈಕಾಲು ಮುಟ್ಟಿ ನೋಡುವುದು ಉಳಿದರ್ಧ.

ಪುನರುತ್ಥಾನರಾದ ಪ್ರಭು ಪೇತ್ರನಿಗೆ, ಮುದುಕನಾದಾಗ ಬೇರೊಬ್ಬರು ನಿನ್ನ ನಡು ಕಟ್ಟಿ, ನಿನಗೆ ಇಷ್ಟವಿಲ್ಲದೆಡೆಗೆ ಕರೆದೊಯ್ಯುವರು ಎಂದು ತಿಳಿಸಿದರು (ಯೊವಾನ್ನ 21:18). ಪೇತ್ರನ ರಕ್ತಸಾಕ್ಷಿ ಮರಣವನ್ನು ಸೂಚಿಸಿದ ಆ ಮಾತು ನಮ್ಮೆಲ್ಲರ ಮುಪ್ಪಿನ ಮಾತೂ ಹೌದು. ನಾಳೆ ನಮ್ಮ ಬಟ್ಟೆ ತೊಡಿಸುವ ಆ 'ಬೇರೊಬ್ಬರು' ದಣಿದು ಸೋತ ಒಂಟಿ ಜೀವವಾಗಿರದಂತೆ ಇಂದೇ ನೋಡಿಕೊಳ್ಳೋಣ.

ಸಂತ ಜೋಕಿಮರೇ, ಸಂತ ಅನ್ನಮ್ಮನವರೇ, ನಮ್ಮ ಮನೆಗಳಲ್ಲೂ ಆಶ್ರಮಗಳಲ್ಲೂ ಇರುವ ಎಲ್ಲ ಹಿರಿಯರಿಗಾಗಿ, ಹಗಲಿರುಳು ಅವರ ಸೇವೆ ಮಾಡುವ ಕೈಗಳಿಗಾಗಿ ಪ್ರಾರ್ಥಿಸಿರಿ. ಕೊಡುವ ಮನಸ್ಸನ್ನೂ ಮತ್ತೆ ಮತ್ತೆ ಹಿಂದಿರುಗಿ ಹೋಗಿ ವಿಚಾರಿಸುವ ಹೃದಯವನ್ನೂ ದೇವರು ನಮಗೆ ಅನುಗ್ರಹಿಸಲಿ. ಆಮೆನ್.