ಶಾಲೆಯಲ್ಲಿ ಮಾತನಾಡದ ಮಗು

ಮನೆಯಲ್ಲಿ ಅರಳು ಹುರಿದಂತೆ ಮಾತನಾಡುವ ಮಗುವು ಶಾಲೆಯ ಹೊಸ್ತಿಲನ್ನು ದಾಟಿದೊಡನೆ ಮೂಕವಾಗುವುದುಂಟು. ಹಾಜರಿ ಕರೆದರೆ ಉತ್ತರವಿಲ್ಲ. ಬಾಯಾರಿದರೂ ನೀರು ಕೇಳದು. ಉಪಾಧ್ಯಾಯರು ಇದನ್ನು ಹಟವೆನ್ನುವರು, ನೆರೆಯವರು ನಾಲಗೆಯ ದೋಷವೆನ್ನುವರು.

ವೈದ್ಯರೂ ಬಹುಕಾಲ ಮಗುವನ್ನೇ ದೂರಿದರು. 1877ರಲ್ಲಿ ಜರ್ಮನಿಯ ಕುಸ್‌ಮೌಲ್ ಎಂಬ ವೈದ್ಯನು ಇದಕ್ಕಿಟ್ಟ ಹೆಸರಿನ ಅರ್ಥ, ಸ್ವೇಚ್ಛೆಯ ಮೂಕತನ. 1934ರಲ್ಲಿ ಸ್ವಿಟ್ಜರ್ಲೆಂಡಿನ ಟ್ರಾಮರ್ ಕೊಟ್ಟ ಹೆಸರಿನಲ್ಲಿಯೂ ಮಗುವೇ ಮೌನವನ್ನು ಆರಿಸಿಕೊಂಡಿತೆಂಬ ಧ್ವನಿಯುಂಟು. 1994ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಅದನ್ನು ‘ಸೆಲೆಕ್ಟಿವ್ ಮ್ಯೂಟಿಸಂ’ ಎಂದು ತಿದ್ದಿ, 2013ರಲ್ಲಿ ಆತಂಕದ ಬೇನೆಗಳ ಸಾಲಿಗೆ ಸೇರಿಸಿತು. ಎಂದರೆ, ಭಯವು ಮಗುವಿನ ಗಂಟಲನ್ನು ಕಟ್ಟುತ್ತದೆ.

ಯಲ್ಲಾಪುರ ತಾಲ್ಲೂಕಿನ ಕಿರವತ್ತಿಯಂಥ ಕಡೆ ಇದಕ್ಕೆ ಇನ್ನೊಂದು ತೊಡಕು. ಆ ಕಾಡುಸೀಮೆಯಲ್ಲಿ ಗೌಳಿಗರ ಮನೆಮಾತು ಮರಾಠಿಯ ಒಂದು ಬಗೆ, ಸಿದ್ದಿಯರಲ್ಲಿ ಅನೇಕರದು ಕೊಂಕಣಿಯ ಒಂದು ಬಗೆ, ಪಾಠವೋ ಕನ್ನಡದಲ್ಲಿ. ಹೊಸ ನುಡಿಯ ನಡುವೆ ಬಿದ್ದ ಮಗು ಕೆಲವು ತಿಂಗಳು ಸುಮ್ಮನಿದ್ದು ಕಿವಿದುಂಬಿಸಿಕೊಳ್ಳುವುದು ಸಹಜ. ಅದು ಬೇನೆಯಲ್ಲ. ಆಟದ ಬಯಲಿನಲ್ಲಿ ತನ್ನವರೊಡನೆ ತನ್ನ ನುಡಿಯನ್ನಾಡುತ್ತಿದ್ದರೆ ಕಾಯಬಹುದು. ಅಲ್ಲಿ ಆ ನುಡಿಯೂ ಹೊರಡದೆ ತಿಂಗಳುಗಳು ಕಳೆದರೆ ಭಯವನ್ನು ಸಂದೇಹಿಸಬೇಕು, ಕಿವಿಯನ್ನೂ ಪರೀಕ್ಷಿಸಿಸಬೇಕು. ಆ ಸೀಮೆಯವರಿಗೆ ಧಾರವಾಡದ ಡಿಮ್ಹಾನ್ಸ್ ಸಂಸ್ಥೆಯ ಮನೋವೈದ್ಯರು ಹತ್ತಿರ.

ಆದರೂ ಕೆಲಸದ ಬಹುಭಾಗ ನಡೆಯಬೇಕಾದುದು ಶಾಲೆಯಲ್ಲಿಯೇ. ಮಕ್ಕಳೆಲ್ಲ ಹೋದ ಮೇಲೆ ಬರಿದಾದ ಕೊಠಡಿಯಲ್ಲಿ ತಾಯಿಯೂ ಮಗುವೂ ತಮ್ಮ ಮನೆಮಾತಿನಲ್ಲಿ ಆಡಿಕೊಳ್ಳಲಿ. ಉಪಾಧ್ಯಾಯರು ಬಾಗಿಲ ಬಳಿ ತಮ್ಮ ಪಾಡಿಗೆ ತಾವು ಬರೆಯುತ್ತಿರಲಿ. ದಿನಕ್ಕೆ ನಾಲ್ಕು ಹೆಜ್ಜೆ ಹತ್ತಿರ ಬಂದರೆ ಸಾಕು. ದನಿ ನಿಂತರೆ ಹಿಂದೆ ಸರಿಯಬೇಕು. ಮೊದಲು ಪ್ರಶ್ನೆ ಬೇಡ. ‘ಓ, ಕೆಂಪು ಬಳಪ!’ ಎಂಬಂಥ ಮಾತು ಸಾಕು. ಮುಂದೆ, ‘ಕೆಂಪೋ, ನೀಲಿಯೋ?’ ಎಂದು ಕೇಳಿ ಮನಸ್ಸಿನಲ್ಲಿಯೇ ಐದೆಣಿಸುವವರೆಗೆ ಕಾಯಬೇಕು. ಈ ಐದೆಣಿಕೆ ನಮ್ಮಂಥ ಪಾಠ ಹೇಳುವವರಿಗೆ ಬಲು ಕಷ್ಟ! ಆಮೇಲೆ ತಾಯಿಯು ಮೆಲ್ಲಗೆ ಹೊರಗುಳಿಯಲಿ, ಒಬ್ಬ ಗೆಳೆಯನು ಒಳಬರಲಿ, ಅನಂತರ ಇನ್ನೊಬ್ಬನು. ಇದಕ್ಕೆ ವಾರಗಳಲ್ಲ, ತಿಂಗಳುಗಳೇ ಹಿಡಿಯಬಹುದು. ಎಲ್ಲರೆದುರು ಮಾತನಾಡಿಸಲು ಒಡ್ಡುವ ಪೆಪ್ಪರಮಿಂಟೂ ಬೆತ್ತವೂ ನನ್ನ ಮತದಲ್ಲಿ ಒಂದೇ ಜಾತಿಯವು.

ಕೊನೆಗೊಂದು ದಿನ ತರಗತಿಯಲ್ಲಿ ಪಿಸುದನಿ ಹೊರಟೀತು. ಆಗ ಉಳಿದ ಮಕ್ಕಳು, ‘ಅಂವ ಮಾತಾಡ್ದ!’ ಎಂದು ಕೂಗುವರು. ಉಪಾಧ್ಯಾಯರು ಚಪ್ಪಾಳೆ ತಟ್ಟಿಸದೆ, ಎಂದಿನಂತೆ ತಲೆದೂಗಿ, ಹಾಜರಿಯ ಮುಂದಿನ ಹೆಸರನ್ನು ಕರೆಯಲಿ.