ಅಂಗನವಾಡಿಯ ಬಾಗಿಲು ಮುಚ್ಚುವ ಹೊತ್ತು

ಇವತ್ತಿನ ಮಾತು ಮುಖ್ಯವಾಗಿ ನಮ್ಮ ಕಾಸರಗೋಡು, ಮಂಜೇಶ್ವರ ಕಡೆಯ ಅಂಗನವಾಡಿ ಟೀಚರುಗಳಿಗೆ. ಮಕ್ಕಳನ್ನು ಅಲ್ಲಿಗೆ ಕಳುಹಿಸುವ ತಾಯಂದಿರೂ ಅಜ್ಜಿಯಂದಿರೂ ಜೊತೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಗಡಿಯಾರದ ತಕರಾರು ಹುಟ್ಟುವುದು ಇವರ ನಡುವೆಯೇ ತಾನೇ?

ಕೇರಳದಲ್ಲಿ ಅಂಗನವಾಡಿಯ ಹೊತ್ತು ಬೆಳಿಗ್ಗೆ 9.30ರಿಂದ ಮಧ್ಯಾಹ್ನ 3.30. ಮೂರರಿಂದ ಆರು ವರ್ಷದೊಳಗಿನ ಮಕ್ಕಳಿಗೆ ಆಟ, ಹಾಡು, ಊಟ, ಒಂದು ಸಣ್ಣ ನಿದ್ದೆ. ಕೆಲಸ ಅಷ್ಟಕ್ಕೇ ಮುಗಿಯುವುದಾದರೆ ನಾನು ಇಷ್ಟು ಹೇಳಬೇಕಾಗಿರಲಿಲ್ಲ. 1975ರ ಅಕ್ಟೋಬರ್ 2ರಂದು ಯೋಜನೆ ಆರಂಭವಾದಾಗಿನಿಂದಲೇ ಮಕ್ಕಳ ತೂಕ, ಚುಚ್ಚುಮದ್ದಿನ ದಿನ, ಬಸುರಿ ಬಾಣಂತಿಯರ ಮನೆಗೆ ಭೇಟಿ, ಇವೆಲ್ಲ ಟೀಚರ ಹೆಗಲ ಮೇಲಿವೆ. 2021ರಿಂದ ಪೋಷಣ್ ಟ್ರ್ಯಾಕರ್ ಬಂತು. ಲೆಕ್ಕವನ್ನು ಫೋನಿನಲ್ಲಿ ತುಂಬಬೇಕು. ಮಕ್ಕಳು ಮಲಗಿದಾಗ ನೆಟ್‌ವರ್ಕ್ ಇಲ್ಲ, ರಾತ್ರಿ ಮನೆಯಲ್ಲಿ ಅನ್ನ ಬಸಿಯುವಾಗ ಇರುತ್ತದೆ!

ಇದಕ್ಕೆ ಸಿಗುವುದು ಸಂಬಳವಲ್ಲ, ಗೌರವಧನ. ಕೇಂದ್ರ ಸರಕಾರ 2018ರ ಅಕ್ಟೋಬರಿನಿಂದ ಅದನ್ನು ಟೀಚರಿಗೆ ತಿಂಗಳಿಗೆ 3,000 ರೂಪಾಯಿಯಿಂದ 4,500ಕ್ಕೆ, ಸಹಾಯಕಿಗೆ 1,500ರಿಂದ 2,250ಕ್ಕೆ ಏರಿಸಿತು. ಅದರ ಮೇಲೆ ರಾಜ್ಯ ಸರಕಾರ ತನ್ನದನ್ನು ಸೇರಿಸುತ್ತದೆ. ಗೌರವ ಎಷ್ಟು, ಧನ ಎಷ್ಟು ಎಂದು ಬಿಡಿಸಿ ಕೇಳಬಾರದು. 2022ರ ಏಪ್ರಿಲ್ 25ರಂದು ಗುಜರಾತಿನ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು ಇವರಿಗೆ ಗ್ರಾಚ್ಯುಯಿಟಿ ಸಲ್ಲಬೇಕೆಂದು ತೀರ್ಪು ಕೊಟ್ಟಿತು; ಇದು ಅರೆಹೊತ್ತಿನ ಕೆಲಸ ಎಂಬ ವಾದವನ್ನು ಒಪ್ಪಲಿಲ್ಲ. ಪೂರ್ಣಹೊತ್ತಿನ ಕೆಲಸವೆಂದರೆ ಹೊತ್ತುಗೊತ್ತಿಲ್ಲದ ಕೆಲಸ ಎಂದು ಮಾತ್ರ ಯಾರೂ ತಿಳಿಯಬಾರದು.

ಈಗ ಬಾಗಿಲ ಬಳಿಗೆ ಬರೋಣ. ಮೂರೂವರೆ ಕಳೆದಿದೆ. ಒಂದು ಮಗು ಚೀಲ ಬೆನ್ನಿಗೆ ಹಾಕಿಕೊಂಡು ಹೊಸ್ತಿಲಲ್ಲಿ ಕೂತಿದೆ. ತಾಯಿ ಕಟ್ಟಿದ ಬೀಡಿ ತೆಗೆದುಕೊಂಡು ಬ್ರಾಂಚಿಗೆ ಹೋಗಿದ್ದಾಳೆ. ಅಲ್ಲಿ ಲೆಕ್ಕ ಆಗಬೇಕು, ಆಮೇಲೆ ಬಸ್ಸು ಸಿಗಬೇಕು. ಅಡಿಕೆ ಸುಲಿಯುವ ಕಾಲದಲ್ಲಿ ಅಜ್ಜಿಯೂ ಕೆಲಸಕ್ಕೆ ಹೋಗಿರುತ್ತಾಳೆ. "ಟೀಚರೇ, ಇವತ್ತು ಒಂದು ಹತ್ತು ನಿಮಿಷ" ಎಂಬುದು ಸುಳ್ಳಲ್ಲ. ಆದರೆ ಐದು ಮನೆಯ ಹತ್ತು ಹತ್ತು ನಿಮಿಷ ಸೇರಿದರೆ ಬಸ್ಸೂ ತಪ್ಪುತ್ತದೆ. ಟೀಚರಿಗೂ ಮನೆಯಿದೆ, ಶಾಲೆಯಿಂದ ಬಂದು ಬೀಗ ನೋಡಿ ನಿಲ್ಲುವ ಮಗುವಿದೆ. ಪಾತ್ರೆ ತೊಳೆದು ಮುಗಿಸಿದ ಸಹಾಯಕಿ ಸುಮ್ಮನೆ ಕಾಯುತ್ತಾಳಲ್ಲ, ಅವಳ ವಿಚಾರವನ್ನು ಯಾರೂ ಎತ್ತುವುದೇ ಇಲ್ಲ.

ಹಾಗಾದರೆ ಏನು ಮಾಡಬೇಕು? ಬಾಗಿಲಲ್ಲಿ ನಿಂತು, ತಡವಾದ ದಿನವೇ, ಮಗುವಿನೆದುರು ಹೇಳಬೇಡಿ. ಜೂನ್ ತಿಂಗಳ ತಾಯಂದಿರ ಸಭೆಯಲ್ಲಿ, ಸಾಧ್ಯವಾದರೆ ವಾರ್ಡು ಸದಸ್ಯರಿರುವಾಗ ಹೇಳಿ: ಮೂರೂವರೆಗೆ ಮುಚ್ಚುತ್ತೇವೆ, ತಾಯಿ ಬರಲಾಗದ ದಿನ ಯಾರು ಬರುತ್ತಾರೆ? ಪ್ರತಿಯೊಂದು ಮಗುವಿಗೂ ಎರಡನೆಯ ಒಂದು ಹೆಸರು ಪುಸ್ತಕದಲ್ಲಿರಲಿ. ಚಿಕ್ಕಮ್ಮನೋ, ನೆರೆಮನೆಯವರೋ, ಯಾರಾದರೂ ಒಬ್ಬ ಹಿರಿಯರು. ಹೆಸರಿನ ಮುಂದೆ ಫೋನ್ ನಂಬ್ರವೂ ಇರಲಿ. ರಸ್ತೆ ದಾಟಿಸಲು ಮೂರನೇ ಕ್ಲಾಸಿನ ಅಣ್ಣನ ಕೈಗೆ ಒಪ್ಪಿಸುವುದು ಬೇಡ. ಮಳೆಗಾಲದಲ್ಲಿ ತೋಡಿನ ಸಂಕ ದಾಟಬೇಕಾದ ದಾರಿಯಲ್ಲಂತೂ ಬೇಡವೇ ಬೇಡ.

ಒಂದು ಮಾತು ಖಂಡಿತ. ಎಷ್ಟೇ ತಡವಾದರೂ ಮಗುವನ್ನು ಹೊರಗೆ ಬಿಟ್ಟು ಬೀಗ ಹಾಕುವ ಹಾಗಿಲ್ಲ. ಕಟ್ಟುನಿಟ್ಟು ದೊಡ್ಡವರ ಮೇಲಿರಲಿ, ಮಗುವಿನ ಮೇಲಲ್ಲ. ತಡವಾಗಿ ಬಂದವರ ಸಮಯವನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ. ದಂಡ ಬೇಡ, ಬೈಗುಳ ಬೇಡ. ತಿಂಗಳ ಕೊನೆಗೆ ಆ ಪುಟವನ್ನು ಸಭೆಯಲ್ಲಿಟ್ಟರೆ ಸಾಕು. ಯಾವ ಮನೆಗೆ ನಿಜವಾಗಿ ಕಷ್ಟವಿದೆ, ಯಾವ ಮನೆಗೆ ಬರೀ ಅಭ್ಯಾಸವಾಗಿದೆ ಎಂದು ಅದರಿಂದಲೇ ತಿಳಿಯುತ್ತದೆ.

ನಮ್ಮ ಕಡೆಯ ಇನ್ನೊಂದು ತೊಡಕು ಕಾಗದಪತ್ರದ್ದು. ಮಲೆಯಾಳದಲ್ಲಿ ಬಂದ ರೇಶನ್ ಕಾರ್ಡಿನ ನೋಟೀಸು, ಆಸ್ಪತ್ರೆಯ ಚೀಟಿ, ಪಂಚಾಯತಿನ ಕಾಗದ, ಎಲ್ಲವನ್ನೂ ಓದಿಸಿಕೊಳ್ಳಲು ಕನ್ನಡ, ತುಳು ಮನೆಯವರು ಟೀಚರ ಹತ್ತಿರ ಬರುತ್ತಾರೆ. ಓದಿ ಹೇಳಬೇಡಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಗಡಿನಾಡಿನಲ್ಲಿ ಅದೂ ಒಂದು ದೊಡ್ಡ ಉಪಕಾರವೇ. ಅದಕ್ಕೆ ವಾರದಲ್ಲಿ ಒಂದು ದಿನ ಇಟ್ಟುಕೊಳ್ಳಿ, ಬುಧವಾರ ಮೂರೂವರೆಯಿಂದ ನಾಲ್ಕು ಎಂದಿರಲಿ. ಫೋನೂ ಹಾಗೆಯೇ: ಸಂಜೆ ಐದರಿಂದ ಆರು. ಮಗುವಿಗೆ ಜ್ವರ ಏರಿದರೆ, ಬಸುರಿಗೆ ನೋವು ಕಾಣಿಸಿಕೊಂಡರೆ ಈ ನಿಯಮ ಇಲ್ಲ. ನಾಳೆ ಮೊಟ್ಟೆ ಉಂಟೋ ಎಂದು ಕೇಳಲು ರಾತ್ರಿ ಒಂಬತ್ತಕ್ಕೆ ಫೋನು ಯಾಕೆ?

ತಾಯಂದಿರೇ, ಮೂರೂವರೆ ನಿಮಗೆ ಸಾಲದು ಎಂಬುದು ನಿಜ. ಅದನ್ನು ಟೀಚರ ಸಂಜೆಯಿಂದ ಕಡ ತರುವ ಬದಲು ಬೇರೆ ಕಡೆ ಕೇಳಬೇಕು. 2022ರಲ್ಲಿ ಕೇಂದ್ರದ ಮಿಷನ್ ಶಕ್ತಿಯಡಿ ಬಂದ ಪಾಲ್ನಾ ಯೋಜನೆಯಲ್ಲಿ ಅಂಗನವಾಡಿಗೆ ಸೇರಿಸಿಯೇ ಶಿಶುಪಾಲನಾ ಕೇಂದ್ರ ನಡೆಸಲು ಅವಕಾಶವಿದೆ. ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆ. ಅದಕ್ಕೆ ಬೇರೆ ಕೆಲಸಗಾರರೂ ಇರುತ್ತಾರೆ. ನಿಮ್ಮ ವಾರ್ಡಿನಲ್ಲಿ ಇಂಥ ಎಷ್ಟು ಮಕ್ಕಳಿದ್ದಾರೆ ಎಂದು ಪಟ್ಟಿ ಮಾಡಿ, ಟೀಚರ ಆ ತಡದ ಪುಸ್ತಕವನ್ನೂ ಜೊತೆಗಿಟ್ಟು, ಗ್ರಾಮಸಭೆಯಲ್ಲಿ ಅರ್ಜಿ ಕೊಡಿ. ಕನ್ನಡದಲ್ಲೇ ಬರೆಯಿರಿ. ಒಂದು ಪ್ರತಿಗೆ ಸೀಲು ಹಾಕಿಸಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.