ಒಲೆಯ ಮುಂದಿನ ಪೌರುಷ
(ಬಾನುಲಿ ಭಾಷಣ)

ಬಾನುಲಿಯಲ್ಲಿ ಮಾತನಾಡುವವನಿಗಿಂತ ಅದನ್ನು ಕೇಳುವವರಿಗೆ ಹೆಚ್ಚಿನ ಅನುಕೂಲವುಂಟು. ನನ್ನ ಮಾತು ಬೇಸರ ತಂದರೆ ನೀವು ಗುಂಡಿಯನ್ನು ಒಂದಿಷ್ಟು ತಿರುಗಿಸಿದರೆ ಸಾಕು. ನಾನು ನಿಮ್ಮ ಮನೆಯಿಂದ ಹೊರಟುಹೋಗುತ್ತೇನೆ. ನೆರೆಮನೆಯ ಸದ್ದಿಗೆ ಅಂಥ ಗುಂಡಿಯಿಲ್ಲ. ನಮ್ಮ ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಒಂದು ಮನೆಯ ದನಿ ಇನ್ನೊಂದು ಮನೆಯನ್ನು ಹೊಕ್ಕರೆ ಮನುಷ್ಯನ ಮನಸ್ಸಿಗೆ ಏನಾಗುತ್ತದೆಂಬುದನ್ನು ಅವರು ಬಲ್ಲವರೇ ಇರಬೇಕು. ನಾನು ಮಾತ್ರ ಅದನ್ನು ತಿಳಿದುಕೊಂಡದ್ದು ಅರವತ್ತು ದಾಟಿದ ಮೇಲೆ.

ಮೂವತ್ತೆರಡು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಮಕ್ಕಳಿಬ್ಬರೂ ದೂರದ ಊರುಗಳಲ್ಲಿದ್ದಾರೆ. ಮನೆಯಲ್ಲಿ ಉಳಿದವರು ನಾವಿಬ್ಬರೇ. ಎರಡು ವರ್ಷಗಳ ಹಿಂದೆ ನನ್ನ ಮಡದಿ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಶಸ್ತ್ರಚಿಕಿತ್ಸೆಯಾಯಿತು. ಮೂರು ತಿಂಗಳು ಮನೆಗೆಲಸದ ಮಾತೆತ್ತಬಾರದೆಂದು ವೈದ್ಯರು ಹೇಳಿದರು. ಹೀಗೆ ಒಲೆ, ಪೊರಕೆ, ಬಟ್ಟೆ ಒಗೆಯುವ ಕಲ್ಲು, ಈ ಮೂರರ ಯಜಮಾನಿಕೆ ಒಂದೇ ದಿನದಲ್ಲಿ ನನ್ನ ಪಾಲಿಗೆ ಬಂತು.

ನಾನು ಇವುಗಳ ವಿಷಯದಲ್ಲಿ ತೀರ ಅಜ್ಞಾನಿಯೇನೂ ಆಗಿರಲಿಲ್ಲ. ಹನ್ನೆರಡನೆಯ ಶತಮಾನದ ಶರಣರ ಕಾಯಕ ತತ್ತ್ವವನ್ನು ಕುರಿತು ಎಷ್ಟು ಉಪನ್ಯಾಸಗಳನ್ನು ಕೊಟ್ಟಿದ್ದೆನೋ ಲೆಕ್ಕವಿಲ್ಲ. ಕಸ ಗುಡಿಸುವ ಸತ್ಯಕ್ಕ, ಭತ್ತ ಕುಟ್ಟುವ ಕೊಟ್ಟಣದ ಸೋಮಮ್ಮ, ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯ, ಇವರ ಹೆಸರುಗಳು ನಾಲಗೆಯ ತುದಿಯಲ್ಲಿದ್ದವು. ಗಂಡ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ಮರಳಿ ಸುರಿದು ಬಾ ಎಂದು ಕಳಿಸಿದ ಲಕ್ಕಮ್ಮನ ಪ್ರಸಂಗವನ್ನು ಹೇಳುವಾಗ ನನ್ನ ಕಂಠ ಗದ್ಗದವಾಗುತ್ತಿತ್ತು. ಆದರೆ ನಮ್ಮ ಮನೆಯ ಅಕ್ಕಿಯನ್ನು ಯಾರು ಯಾವಾಗ ಆರಿಸುತ್ತಾರೆಂಬುದನ್ನು ನಾನು ಎಂದೂ ನೋಡಿರಲಿಲ್ಲ. ಕಾಯಕವನ್ನು ನಾನು ಬಲ್ಲೆ. ಕೆಲಸವನ್ನು ಮಾತ್ರ ಅರಿಯೆ.

ಮೊದಲ ವಾರ ಹಾಲು ಮೂರು ಸಲ ಉಕ್ಕಿತು. ಹಾಲು ಉಕ್ಕುವುದು ಶುಭವೆಂದು ಮಡದಿ ಹಾಸಿಗೆಯಿಂದಲೇ ಸಮಾಧಾನ ಹೇಳಿದಳು. ಒಲೆಯನ್ನು ಉಜ್ಜುವವನಿಗೆ ಆ ಶುಭ ಕಾಣಲಿಲ್ಲ. ಒಗ್ಗರಣೆಗೆ ಸಾಸಿವೆ ಚಿಟಪಟ ಎಂದ ಮೇಲೆ ಕರಿಬೇವು ಹಾಕಬೇಕು. ನಾನು ಎರಡನ್ನೂ ಒಟ್ಟಿಗೆ ಸುರಿದು ಕೈ ಸುಟ್ಟುಕೊಂಡೆ. ಹಿಟ್ಟು ಕಲಸುವಾಗ ನೀರು ಹೆಚ್ಚಾಗಿ, ಅದಕ್ಕೆ ಹಿಟ್ಟು ಸೇರಿಸಿ, ಮತ್ತೆ ನೀರು ಸೇರಿಸಿ, ಕೊನೆಗೆ ಇಬ್ಬರಿಗೆ ಬೇಕಾದ ಚಪಾತಿಯ ಹಿಟ್ಟು ಮದುವೆಮನೆಗಾಗುವಷ್ಟಾಯಿತು. ಗುಡಿಸುವುದೂ ಒಂದು ವಿದ್ಯೆಯೆಂದು ಆಗ ತಿಳಿಯಿತು. ನೆಲದ ಮೇಲೆ ಪೊರಕೆಯಾಡಿಸಿದರೆ ಕಸ ಜಾಗ ಬದಲಾಯಿಸುತ್ತದೆಯೇ ಹೊರತು ಹೊರಗೆ ಹೋಗುವುದಿಲ್ಲ. ಬಾಗಿಲ ಮರೆಯಿಂದ ಆರಂಭಿಸಿ, ಗೋಡೆಯ ಅಂಚು ಹಿಡಿದು, ಹಿಂದೆ ಹಿಂದೆ ಸರಿಯುತ್ತ ಬರಬೇಕು. ಇದನ್ನು ಮಲಗಿದ್ದಲ್ಲಿಂದ ಕಣ್ಣಿನಲ್ಲೇ ತೋರಿಸಿ ಕಲಿಸಿದವಳು ನನ್ನಾಕೆ. ಮೂವತ್ತೆರಡು ವರ್ಷದಲ್ಲಿ ನಾನು ಯಾವ ವಿದ್ಯಾರ್ಥಿಗೂ ಅಷ್ಟು ತಾಳ್ಮೆಯಿಂದ ಪಾಠ ಹೇಳಿದ್ದುಂಟೆ ಎಂದು ಸಂಶಯವಾಗುತ್ತದೆ.

ಈ ಕಷ್ಟದ ನಡುವೆ ಇನ್ನೊಂದು ಕಷ್ಟ. ನಮ್ಮದು ಹಳೆಯ ವಠಾರವನ್ನು ಎರಡಾಗಿ ಒಡೆದು ಮಾಡಿದ ಮನೆ. ನಮಗೂ ಪಕ್ಕದವರಿಗೂ ನಡುವೆ ಇರುವುದು ಒಂದೇ ಗೋಡೆ. ಆ ಮನೆಯ ಗೃಹಿಣಿ ಬೆಳಿಗ್ಗೆ ಏಳಕ್ಕೆ ತಳ್ಳುಗಾಡಿಯಲ್ಲಿ ಇಡ್ಲಿ ಮಾರಲು ಹೋಗುತ್ತಾಳೆ. ಗಂಡ ಲಾರಿ ಚಾಲಕ. ತಿಂಗಳಲ್ಲಿ ಕೆಲವು ದಿನ ಮಾತ್ರ ಮನೆಯಲ್ಲಿರುತ್ತಾನೆ. ಒಬ್ಬ ಮಗ ಹತ್ತನೆಯ ತರಗತಿಯಲ್ಲಿ ಓದುತ್ತಿದ್ದ. ನಾಲ್ಕೂವರೆಗೆ ಸರಿಯಾಗಿ ಅಲ್ಲಿ ತೆಂಗಿನಕಾಯಿ ಒಡೆಯುವ ಸದ್ದು, ಹಿಂದೆಯೇ ಮಿಕ್ಸಿಯ ಆರ್ಭಟ, ಆಮೇಲೆ ತಟ್ಟೆ ಪಾತ್ರೆಗಳ ಘೋಷ. ರಾತ್ರಿಯೆಲ್ಲ ಮಡದಿಯ ನರಳಿಕೆಗೆ ಎದ್ದು ಕುಳಿತು, ನಾಲ್ಕಕ್ಕೆ ಕಣ್ಣು ಮುಚ್ಚಿದವನಿಗೆ ಅದು ಹೇಗೆ ಕೇಳಿಸೀತೆಂದು ನೀವೇ ಊಹಿಸಿ.

ಮುಪ್ಪಿನಲ್ಲಿ ಕಿವಿಯ ಸ್ವಭಾವವೇ ವಿಚಿತ್ರ. ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಕೂದಲಿನಂಥ ಸೂಕ್ಷ್ಮ ಕೋಶಗಳಿವೆ. ವಯಸ್ಸಾದಂತೆ ಅವು ನಶಿಸುತ್ತವೆ. ಹೋದವು ಮತ್ತೆ ಹುಟ್ಟುವುದಿಲ್ಲ. ಮೊದಲು ಕೈಬಿಡುವುದು ಎತ್ತರದ ಶ್ರುತಿಯ ಸದ್ದುಗಳು. ಹಾಗಾಗಿ ಮಾತಿನಲ್ಲಿ ಸಕಾರ ಶಕಾರಗಳಂಥ ವ್ಯಂಜನಗಳು ಮಸುಕಾಗುತ್ತವೆ. ಇವುಗಳ ವ್ಯತ್ಯಾಸ ಅರಿಯದ ಎಷ್ಟೋ ಹುಡುಗರನ್ನು ತರಗತಿಯಲ್ಲಿ ನಿಲ್ಲಿಸಿ ಗದರಿದ್ದೇನೆ. ಅದರ ಫಲವನ್ನು ಈಗ ಉಣ್ಣುತ್ತಿದ್ದೇನೆ. ಆದರೆ ಮೆಲ್ಲಗಿನ ಮಾತು ಕೇಳಿಸದ ಅದೇ ಕಿವಿಗೆ ದೊಡ್ಡ ಸದ್ದು ಮಾತ್ರ ಯುವಕರಿಗಿಂತ ಹೆಚ್ಚು ಚುಚ್ಚುವುದುಂಟು. ಮಡದಿ ನೀರು ಕೇಳಿದರೆ ನನಗೆ ಕೇಳಿಸದು. ಪಕ್ಕದ ಮನೆಯ ಸೌಟು ಬಿದ್ದರೆ ಎದೆ ಹಾರುತ್ತದೆ.

ಒಂದು ದಿನ ಒಲೆಯ ಮುಂದೆ ನಿಂತು ಸಾರು ಕದಡುತ್ತ ನಾನು ಪ್ರತಿಜ್ಞೆ ಮಾಡಿದೆ: "ಇವತ್ತು ಹೋಗಿ ಹೇಳಿಯೇ ಬಿಡುತ್ತೇನೆ. ಮನೆಯಲ್ಲಿ ರೋಗಿ ಇದ್ದಾರೆಂಬ ಪ್ರಜ್ಞೆ ಬೇಡವೆ?" ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆ ಆಗ ನೆನಪಾಗಬೇಕಾಗಿತ್ತು. ಕುಮಾರವ್ಯಾಸನ ವಿರಾಟಪರ್ವವನ್ನು ಎಷ್ಟೋ ಸಲ ಪಾಠ ಹೇಳಿದವನಲ್ಲವೆ ನಾನು? ಅಂತಃಪುರದಲ್ಲಿ ಕೊಚ್ಚಿಕೊಂಡ ರಾಜಕುಮಾರ ಕೌರವ ಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡುತ್ತಾನೆ. ನಾನು ಪಕ್ಕದ ಮನೆಯ ಹೊಸ್ತಿಲಿನವರೆಗೆ ಹೋದೆ. ಆಕೆ ಬಾಗಿಲಲ್ಲೇ ಕೈಮುಗಿದಳು.

"ಬನ್ನಿ ಮೇಷ್ಟ್ರೇ, ನಾನೇ ಬರೋಣ ಅಂತಿದ್ದೆ. ಹೇಗೆ ಹೇಳೋದೋ ಗೊತ್ತಾಗ್ಲಿಲ್ಲ. ನಾನು ಒಂಬತ್ತಕ್ಕೆ ಮಲಗಿದ್ರೆ ತಾನೆ ನಾಲ್ಕಕ್ಕೆ ಏಳೋಕಾಗೋದು. ನಿಮ್ಮನೇಲಿ ಟಿವಿ ವಾರ್ತೆ ಹತ್ತು ಗಂಟೆವರೆಗೂ ಜೋರಾಗಿ ಬರ್ತಿರತ್ತೆ. ಆಮೇಲೆ ಪಾತ್ರೆ ತೊಳೆಯೋ ಸದ್ದು. ಮಗನಿಗೆ ಪರೀಕ್ಷೆ ಬೇರೆ ಹತ್ತಿರ ಬಂತು. ಅಮ್ಮಾವರು ಓಡಾಡ್ಕೊಂಡಿದ್ದಾಗ ಇಷ್ಟು ಸದ್ದೇ ಇರ್ಲಿಲ್ಲ."

ನಾನು ಹೇಳಲು ಹೋದ ಮಾತು ಹೊಸ್ತಿಲಲ್ಲೇ ಉಳಿಯಿತು. "ಆಗಲಮ್ಮ, ನೋಡಿಕೊಳ್ಳುತ್ತೇನೆ" ಎಂದು ಹಿಂದಿರುಗಿದೆ. ಕೇಳಿಸದ ಕಿವಿಗೆಂದು ನಾನು ಹೆಚ್ಚಿಸಿದ ದನಿ ಗೋಡೆಯಾಚೆಯ ನಿದ್ದೆಯನ್ನು ಕೆಡಿಸುತ್ತಿತ್ತು. ಆಕೆ ಅದನ್ನು ಎಷ್ಟು ದಿನದಿಂದ ಸಹಿಸಿದ್ದಳೋ!

ನಡೆದದ್ದನ್ನು ಮಡದಿಗೆ ಹೇಳಿದೆ. ಅವಳು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಪಾತ್ರೆಗಳನ್ನು ಒಣ ಕಲ್ಲಿನ ಮೇಲೆ ಇಡ್ತೀರಿ. ನಾನು ನೀರು ತುಂಬಿದ ಬಾನಿಯೊಳಗೆ ಮುಳುಗಿಸಿ ತೊಳೀತಿದ್ದೆ. ಸದ್ದು ಬರಲ್ಲ. ನೀವು ಒಳಗೆ ಓದ್ತಿರ್ತಿದ್ರಲ್ಲ" ಎಂದಳು.

ಮಿತ್ರರೇ, ಆ ರಾತ್ರಿ ನನಗೆ ನಿದ್ದೆ ಬರದಿದ್ದುದಕ್ಕೆ ನೆರೆಮನೆ ಕಾರಣವಾಗಿರಲಿಲ್ಲ. ನಮ್ಮ ಮನೆ ಸಹಜವಾಗಿಯೇ ನಿಶ್ಶಬ್ದವಾದುದೆಂದು ನಾನು ತಿಳಿದಿದ್ದೆ; ಅದು ಸರಸ್ವತಿಯ ಕೃಪೆಯೆಂದು ಗೆಳೆಯರ ಮುಂದೆ ಹೇಳಿದ್ದೂ ಉಂಟು. ಆ ನಿಶ್ಶಬ್ದವನ್ನು ದಿನದಿನವೂ ಒಬ್ಬರು ದುಡಿದು ತಯಾರಿಸುತ್ತಿದ್ದರು. ರುಬ್ಬುವ ಕಲ್ಲಿನ ಕೆಳಗೆ ಗೋಣಿ ಹಾಸಿ, ಅಳುವ ಮಗುವನ್ನು ಎತ್ತಿಕೊಂಡು ಬೀದಿಗೆ ಹೋಗಿ, ಒಗೆಯುವ ಬಟ್ಟೆಯನ್ನು ಬಡಿಯದೆ ಹಿಂಡಿ. ನನ್ನ ಪುಸ್ತಕಗಳ ಅರಿಕೆಯಲ್ಲಿ ಹಸ್ತಪ್ರತಿ ಒದಗಿಸಿದವರಿಗೆ, ಕರಡು ತಿದ್ದಿದವರಿಗೆ, ಅಂದವಾಗಿ ಮುದ್ರಿಸಿದವರಿಗೆ ನೆನಕೆಗಳಿವೆ. ಈ ಕೆಲಸವನ್ನು ಮಾಡಿದವಳ ಹೆಸರು ಎಲ್ಲಿಯೂ ಇಲ್ಲ.

ಸ್ಕಾಟ್ಲೆಂಡಿನ ಲೇಖಕ ಥಾಮಸ್ ಕಾರ್ಲೈಲನಿಗೂ ನೆರೆಹೊರೆಯ ಕೋಳಿ, ಪಿಯಾನೋಗಳ ಕಾಟವಿತ್ತು. 1853ರಲ್ಲಿ ಅವನು ಲಂಡನ್ನಿನ ತನ್ನ ಮನೆಯ ಮೇಲೆ ಸದ್ದು ನುಸುಳದ ಕೋಣೆಯೊಂದನ್ನು ಕಟ್ಟಿಸಿದ. ಹಣ ಖರ್ಚಾಯಿತು, ಸದ್ದು ನಿಲ್ಲಲಿಲ್ಲ. ಕೋಳಿಗಳ ವಿಷಯವಾಗಿ ನೆರೆಯವರೊಡನೆ ಮಾತನಾಡಿ ಒಪ್ಪಂದಕ್ಕೆ ಬಂದವಳು ಅವನ ಹೆಂಡತಿ ಜೇನ್. ಗೋಡೆಯನ್ನು ದಪ್ಪ ಮಾಡುವುದಕ್ಕಿಂತ ಬಾಗಿಲು ತಟ್ಟುವುದು ಮೇಲೆಂಬುದನ್ನು ಅಲ್ಲಿಯೂ ಹೆಂಗಸೇ ಕಂಡುಕೊಂಡಳು.

ನಾವೂ ಒಂದು ಒಪ್ಪಂದಕ್ಕೆ ಬಂದೆವು. ಪಕ್ಕದಾಕೆ ಮಿಕ್ಸಿಯನ್ನು ನಡುಗೋಡೆಯ ಬಳಿಯಿಂದ ತೆಗೆದು ಆಚೆಯ ಕಟ್ಟೆಯ ಮೇಲೆ ಮಡಿಸಿದ ಗೋಣಿ ಹಾಸಿ ಇಟ್ಟಳು. ನಾನು ಒಂಬತ್ತಕ್ಕೆ ಟಿವಿ ನಿಲ್ಲಿಸಿದೆ. ಪಾತ್ರೆಗಳನ್ನು ಎಂಟಕ್ಕೇ ಬಾನಿಯಲ್ಲಿ ಮುಳುಗಿಸಿ ತೊಳೆಯುವುದನ್ನು ಕಲಿತೆ. ಸಂಜೆ ಒಂದು ಗಂಟೆ ಆ ಹುಡುಗನಿಗೆ ಸಂಧಿ ಸಮಾಸಗಳನ್ನು ಹೇಳಿಕೊಟ್ಟೆ. ಬೆಳಗಿನ ಸದ್ದು ಪೂರ್ತಿ ನಿಂತಿತೆಂದಲ್ಲ. ಆದರೆ ಅದು ಯಾರ ಸದ್ದು, ಯಾತರ ಸದ್ದು ಎಂದು ತಿಳಿದ ಮೇಲೆ ಮೊದಲಿನಷ್ಟು ಚುಚ್ಚಲಿಲ್ಲ.

ಹಾಗೆಂದು ಎಲ್ಲ ಸದ್ದನ್ನೂ ಸಹಿಸಬೇಕೆಂದು ನಾನು ಉಪದೇಶಿಸುತ್ತಿಲ್ಲ. ದುಡಿಮೆಯ ಸದ್ದು ಬೇರೆ, ದರ್ಪದ ಸದ್ದು ಬೇರೆ. ಅದೇ ವರ್ಷ ನಮ್ಮ ಬೀದಿಯಲ್ಲಿ ಚಪ್ಪರ ಹಾಕಿ ರಾತ್ರಿ ಹನ್ನೊಂದು ಗಂಟೆಯಾದರೂ ಧ್ವನಿವರ್ಧಕವನ್ನು ಒದರಿಸುತ್ತಿದ್ದರು. ಶಬ್ದಮಾಲಿನ್ಯದ ಬಗ್ಗೆ 2000ದಲ್ಲಿ ಮಾಡಿದ ನಿಯಮಗಳು ನಮ್ಮ ದೇಶದಲ್ಲಿವೆ. ಅವುಗಳ ಪ್ರಕಾರ ರಾತ್ರಿಯೆಂದರೆ ಹತ್ತರಿಂದ ಬೆಳಿಗ್ಗೆ ಆರರವರೆಗೆ; ವಾಸದ ಬಡಾವಣೆಗಳಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಆ ಹೊತ್ತಿನಲ್ಲಿ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವರ್ಷದಲ್ಲಿ ಹೆಚ್ಚೆಂದರೆ ಹದಿನೈದು ದಿನ, ಅದೂ ನಡುರಾತ್ರಿಯವರೆಗೆ ಮಾತ್ರ, ಸರ್ಕಾರ ವಿನಾಯಿತಿ ಕೊಡಬಹುದು. ಸುಪ್ರೀಂ ಕೋರ್ಟು 2005ರ ತೀರ್ಪಿನಲ್ಲಿ ಈ ಕಟ್ಟನ್ನು ಎತ್ತಿಹಿಡಿದಿದೆ. ಅಲ್ಲಿ ಅಂಥ ಅನುಮತಿ ಯಾವುದೂ ಇರಲಿಲ್ಲ. ಇಷ್ಟನ್ನೂ ಬಲ್ಲ ನಾನು ಒಳಗೆ ಕುಳಿತು ಹಲ್ಲು ಕಡಿಯುತ್ತಿದ್ದೆ. ಅಷ್ಟರಲ್ಲಿ ಪಕ್ಕದಾಕೆ ಬಂದು, "ಬನ್ನಿ ಮೇಷ್ಟ್ರೇ, ಇಬ್ಬರೂ ಹೋಗಿ ಹೇಳೋಣ" ಎಂದಳು. ಉತ್ತರನಿಗೆ ಬೃಹನ್ನಳೆಯಂಥ ಸಾರಥಿ ಸಿಕ್ಕಂತಾಯಿತು. ಮಾತನಾಡಿದವಳು ಆಕೆ; ಕಾನೂನು ಹೇಳಿದವನು ನಾನು. ಒಬ್ಬನೇ ಮುದುಕ ಹೋಗಿದ್ದರೆ ಗೊಣಗಾಟವೆನ್ನುತ್ತಿದ್ದರು. ಎರಡು ಮನೆಯವರು ಕೂಡಿ ಹೋದಾಗ ಬೀದಿಯ ಮಾತೆಂದು ತಿಳಿದು ನಿಲ್ಲಿಸಿದರು.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಮೂರನೆಯ ತಿಂಗಳಿನ ಕೊನೆಯಲ್ಲಿ ಒಂದು ರಾತ್ರಿ ನನಗೆ ವಿಪರೀತ ಜ್ವರ ಬಂತು. ಬೆಳಿಗ್ಗೆ ಏಳಲಾಗಲಿಲ್ಲ. ಮಡದಿ ಕರೆದದ್ದು ನನಗೆ ಕೇಳಿಸಲಿಲ್ಲ. ಎದ್ದು ಬರಲು ಅವಳಿಗೆ ಧೈರ್ಯವಿಲ್ಲ. ದಿನವೂ ಆರು ಗಂಟೆಗೆ ನಮ್ಮ ಕುಕ್ಕರು ಮೂರು ಸಲ ಕೂಗುವುದು ವಾಡಿಕೆ. ಅಂದು ಕೂಗಲಿಲ್ಲ. ಆರೂವರೆಗೆ ಯಾರೋ ಬಾಗಿಲು ಬಡಿದರು. ಗೋಡೆ ಹಿಡಿದುಕೊಂಡು ಹೋಗಿ ಚಿಲಕ ತೆಗೆದೆ. ಪಕ್ಕದಾಕೆ ನಿಂತಿದ್ದಳು, ಹಿಂದೆ ಇಡ್ಲಿಯ ಗಾಡಿ, ಗಾಡಿಯ ಪಕ್ಕ ಮಗ.

"ಇವತ್ತು ನಿಮ್ಮ ಕುಕ್ಕರ್ ಕೂಗಲಿಲ್ಲ ಮೇಷ್ಟ್ರೇ. ಅದಕ್ಕೇ ಬಂದೆ" ಎಂದಳು.

ಅಂದು ಗಾಡಿ ಒಂದು ಗಂಟೆ ತಡವಾಗಿ ಹೊರಟಿತು. ನಮ್ಮಿಬ್ಬರಿಗೂ ಅವಳೇ ಗಂಜಿ ಕಾಯಿಸಿಕೊಟ್ಟು, ಮಗನನ್ನು ವೈದ್ಯರ ಬಳಿಗೆ ಅಟ್ಟಿ, ಆಮೇಲೆ ಹೋದಳು. ನಾನು ಯಾವ ಸದ್ದನ್ನು ಶಪಿಸುತ್ತ ಕಿವಿ ಮುಚ್ಚಿಕೊಂಡಿದ್ದೆನೋ ಅಂಥದೇ ಸದ್ದಿಗಾಗಿ ಗೋಡೆಯಾಚೆ ಒಬ್ಬರು ಕಿವಿಗೊಟ್ಟಿದ್ದರು. ಮಕ್ಕಳು ದೂರವಿರುವ ಮುದುಕರ ಮನೆಯಿಂದ ಬೆಳಿಗ್ಗೆ ಒಂದಿಷ್ಟು ಸದ್ದು ಹೊರಗೆ ಹೋಗುತ್ತಿರಬೇಕು. ಅದನ್ನು ಗುರುತಿಸುವಷ್ಟು ಹತ್ತಿರದಲ್ಲಿ ಒಂದು ಕಿವಿಯಿರಬೇಕು.

ನನ್ನ ಮಡದಿ ಈಗ ಕೋಲು ಹಿಡಿದು ಓಡಾಡುತ್ತಾಳೆ. ಅಡಿಗೆಮನೆಯನ್ನು ನಾನು ಹಿಂದಿರುಗಿಸಿಲ್ಲ, ಅವಳೂ ಕೇಳಿಲ್ಲ. ಅವಳು ಓದುವ ಹೊತ್ತಿನಲ್ಲಿ ನಾನು ಪಾತ್ರೆಗಳನ್ನು ನೀರಿನಲ್ಲಿ ಮುಳುಗಿಸಿಯೇ ತೊಳೆಯುತ್ತೇನೆ. ಬೆಳಿಗ್ಗೆ ನಾಲ್ಕೂವರೆಗೆ ಗೋಡೆಯಾಚೆ ತೆಂಗಿನಕಾಯಿ ಒಡೆದ ಸದ್ದು ಕೇಳಿದೊಡನೆ ಅವಳು, "ಎದ್ದಿದ್ದಾಳೆ" ಎನ್ನುತ್ತಾಳೆ. "ಹೂಂ" ಎಂದು ನಾನು ಮಗ್ಗುಲು ಬದಲಾಯಿಸುತ್ತೇನೆ. ಕುಕ್ಕರಿಗೆ ಇನ್ನೂ ಒಂದೂವರೆ ಗಂಟೆ ಹೊತ್ತಿರುತ್ತದೆ.